ಬಾರ್ ಲೈಸೆನ್ಸ್‌ಗೆ ಅರ್ಜಿ ಹಾಕುವ ಮುಂಚೆ: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಕೂತು ಹೋಟೆಲ್, ಲಾಡ್ಜ್‌ನವರಿಗೆ ಲೈಸೆನ್ಸ್ ಕಾಗದಪತ್ರ ಜೋಡಿಸಿಕೊಡುವುದು ನನ್ನ ಕೆಲಸ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯಿಂದ ಬರುವವರು ಜಾಸ್ತಿ. ಬಂದವರು ಮೊದಲು ಕೇಳುವುದು "ಒಟ್ಟು ಎಷ್ಟು ಖರ್ಚಾಗುತ್ತೆ ಸಾರ್?" ಅಂತ. ನಾನು ಮೊದಲು ಕೇಳುವುದು "ಜಾಗ ಎಲ್ಲಿದೆ?" ಅಂತ. ಈ ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಇಲ್ಲದೆ ಮೊದಲನೆಯದಕ್ಕೆ ದುಡ್ಡು ಸುರಿದವರನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ಇದನ್ನೆಲ್ಲ ಒಂದು ಕಡೆ ಬರೆದಿಟ್ಟೆ.

ಹೊಸದಾಗಿ ಬಾರ್ ಲೈಸೆನ್ಸ್ ಸಿಗುತ್ತಾ?

ಇಲ್ಲಿ ಬಹಳ ಜನಕ್ಕೆ ಗೊಂದಲವಿದೆ. ಬ್ರಾಂದಿ ಅಂಗಡಿಯ ಸಿಎಲ್-2, ಬಾರ್ ಅಂಡ್ ರೆಸ್ಟೋರೆಂಟಿನ ಸಿಎಲ್-9, ಇವೆರಡನ್ನೂ ಸರ್ಕಾರ 1992ರಿಂದ ಈಚೆಗೆ ಹೊಸದಾಗಿ ಕೊಡುವುದನ್ನು ನಿಲ್ಲಿಸಿತ್ತು. ಹಾಗಾಗಿ ನಮ್ಮ ಕಡೆ "ಬಾರ್ ತಗೊಂಡ" ಅಂದರೆ ಬೇರೆಯವರ ಹಳೇ ಲೈಸೆನ್ಸನ್ನು ತನ್ನ ಹೆಸರಿಗೆ ವರ್ಗಾಯಿಸಿಕೊಂಡ ಅಂತಲೇ ಅರ್ಥ. ಹಂಚಿಕೆಯಾಗದೆ ಉಳಿದಿರುವ ಲೈಸೆನ್ಸ್‌ಗಳನ್ನು ಇ-ಹರಾಜಿನಲ್ಲಿ ಕೊಡುವುದಾಗಿ ಸರ್ಕಾರ 2025-26ರ ಬಜೆಟ್‌ನಲ್ಲಿ ಹೇಳಿತು. ಹರಾಜಿನ ಕಡೆ ಕಣ್ಣಿಟ್ಟಿರುವವರು ಅಬಕಾರಿ ಇಲಾಖೆಯ ಪ್ರಕಟಣೆಯನ್ನು ನೇರವಾಗಿ ಓದಬೇಕು. ವಾಟ್ಸಾಪ್‌ನಲ್ಲಿ ಬಂದ ಪಟ್ಟಿ ನಂಬಿ ಯಾರಿಗೂ ಟೋಕನ್ ಅಡ್ವಾನ್ಸ್ ಕೊಡಬೇಡಿ.

ಇಷ್ಟು ವರ್ಷವೂ ಹೊಸಬರಿಗೆ ತೆರೆದಿದ್ದ ದಾರಿ ಸಿಎಲ್-7. ಅದು ಲಾಡ್ಜ್‌ಗೆ ಸಿಗುವ ಲೈಸೆನ್ಸ್. ಮಲೆನಾಡಿನಲ್ಲಿ ರಸ್ತೆಬದಿ ಇಷ್ಟೊಂದು ಲಾಡ್ಜ್ ಯಾಕೆ ಎದ್ದವು ಅನ್ನುವುದಕ್ಕೆ ಪ್ರವಾಸಿಗರು ಒಂದು ಕಾರಣ, ಇದು ಇನ್ನೊಂದು.

ಸಿಎಲ್-2, ಸಿಎಲ್-7, ಸಿಎಲ್-9 ಅಂತೆಲ್ಲ ಹೇಳ್ತಾರಲ್ಲ, ನನಗೆ ಯಾವುದು ಬೇಕು?

ನೀವು ಏನು ಮಾಡಲು ಹೊರಟಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಬಾಟಲಿ ಮಾರಿ ಕಳಿಸುವುದಾದರೆ ಸಿಎಲ್-2. ಅಲ್ಲಿ ಎಂಆರ್‌ಪಿಗೆ ಮಾರಬೇಕು, ಕೂರಿಸಿ ಕುಡಿಸುವ ಹಾಗಿಲ್ಲ. ಊಟದ ಜೊತೆ ಕೂರಿಸಿ ಕೊಡುವುದಾದರೆ ಸಿಎಲ್-9. ಲಾಡ್ಜ್ ಇದ್ದು, ಅದರೊಳಗೆ ಬಾರ್ ಬೇಕಿದ್ದರೆ ಸಿಎಲ್-7. ಕ್ಲಬ್ಬಿಗೆ ಸಿಎಲ್-4, ಅದೂ ಸದಸ್ಯರಿಗೆ ಮಾತ್ರ. ಸ್ಟಾರ್ ದರ್ಜೆಯ ಹೋಟೆಲ್‌ಗೆ ಸಿಎಲ್-6ಎ. ಒಂದು ದಿನದ ಸಮಾರಂಭಕ್ಕೆ ಸಿಎಲ್-5. ಬರೀ ಬಿಯರ್ ಮಾರಾಟಕ್ಕೆ ಬೇರೆಯೇ ಲೈಸೆನ್ಸ್ ಇದೆ, ಆರ್‌ವಿಬಿ ಅಂತ ಕರೆಯುತ್ತಾರೆ.

ಇವಕ್ಕೆಲ್ಲ ತಾಯಿಬೇರು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರ ಕೆಳಗೆ 1967ರ ಲೈಸೆನ್ಸ್ ಸಾಮಾನ್ಯ ಷರತ್ತುಗಳ ನಿಯಮ ಮತ್ತು 1968ರ ದೇಶಿ, ವಿದೇಶಿ ಮದ್ಯ ಮಾರಾಟ ನಿಯಮ ಇವೆ. ಜಾಗದ ವಿಷಯ 1967ರದರಲ್ಲಿ, ಸಿಎಲ್ ನಂಬರುಗಳ ವಿಷಯ 1968ರದರಲ್ಲಿ. ಎರಡಕ್ಕೂ ಆಮೇಲೆ ತಿದ್ದುಪಡಿ ಮೇಲೆ ತಿದ್ದುಪಡಿ ಬಂದಿದೆ. ಹಳೇ ಪುಸ್ತಕ ಹಿಡಿದು ವಾದ ಮಾಡಲು ಹೋಗಬೇಡಿ.

ಸಿಎಲ್-7 ಬಗ್ಗೆ ಒಂದು ಮಾತು. ಎಷ್ಟು ಕೋಣೆ ಬೇಕು ಅನ್ನುವುದು ನಿಮ್ಮ ಕಟ್ಟಡ ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿದೆಯೋ ಸಣ್ಣ ಊರಿನಲ್ಲಿದೆಯೋ ಎಂಬುದರ ಮೇಲೆ ಬದಲಾಗುತ್ತದೆ. ಸ್ಥಳ ಪರಿಶೀಲನೆಗೆ ಬಂದವರು ಕೋಣೆಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಮಂಚ ಇದೆಯಾ, ಬಚ್ಚಲಲ್ಲಿ ನೀರು ಬರುತ್ತಾ, ತಂಗಿದವರ ರಿಜಿಸ್ಟರ್ ಇದೆಯಾ ಎಂದು ನೋಡುತ್ತಾರೆ. ಬಾರ್ ಸಲುವಾಗಿ ಕಟ್ಟಿದ ಲಾಡ್ಜ್ ಎಂಬುದು ಒಳಗೆ ಕಾಲಿಟ್ಟ ತಕ್ಷಣ ಗೊತ್ತಾಗುತ್ತದೆ. ಹಾಸಿಗೆಯ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರುವುದಿಲ್ಲ!

ಜಾಗ ನೋಡುವಾಗ ಮುಖ್ಯವಾಗಿ ಏನು ನೋಡಬೇಕು?

ನಿಯಮ ಹೇಳುವುದು ಇಷ್ಟು. ದೇವಸ್ಥಾನ, ಮಸೀದಿ, ಚರ್ಚ್‌ನಂಥ ಧಾರ್ಮಿಕ ಸಂಸ್ಥೆ, ಶಾಲೆ-ಕಾಲೇಜು, ಆಸ್ಪತ್ರೆ, ರಾಜ್ಯ ಅಥವಾ ಕೇಂದ್ರ ಸರ್ಕಾರದ ಕಚೇರಿ, ಸ್ಥಳೀಯ ಸಂಸ್ಥೆಯ ಕಚೇರಿ, ಇವುಗಳಿಂದ 100 ಮೀಟರ್ ಒಳಗೆ ಮದ್ಯದ ಲೈಸೆನ್ಸ್ ಕೊಡುವ ಹಾಗಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರೇ ಹೆಚ್ಚಾಗಿ ವಾಸಿಸುವ ಕಡೆಯೂ ಕೊಡುವ ಹಾಗಿಲ್ಲ.

ಕೇಳಲು ಸುಲಭ. ಆದರೆ ನಮ್ಮ ಊರುಗಳ ರಚನೆ ನೋಡಿ. ಬೇಲೂರಿನಲ್ಲಿ ಚೆನ್ನಕೇಶವನ ಸುತ್ತಲೇ ಪೇಟೆ. ಶೃಂಗೇರಿಯಲ್ಲಿ, ಶ್ರವಣಬೆಳಗೊಳದಲ್ಲಿ ಮಠ ಮತ್ತು ದೇವಸ್ಥಾನವೇ ಊರು. ಸಣ್ಣ ಹೋಬಳಿ ಕೇಂದ್ರಗಳಲ್ಲಿ ಪಂಚಾಯ್ತಿ ಕಚೇರಿ, ನಾಡಕಚೇರಿ, ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ ಎಲ್ಲ ಬಸ್ ಸ್ಟ್ಯಾಂಡಿನ ಆಸುಪಾಸಲ್ಲೇ ಇರುತ್ತವೆ. ವ್ಯಾಪಾರಕ್ಕೆ ಒಳ್ಳೆಯ ಜಾಗ ಎಂದು ನಿಮಗೆ ಅನ್ನಿಸುವ ಕಡೆಯೇ ಸರ್ಕಾರಕ್ಕೂ ಅನ್ನಿಸಿ ಅದು ಕಚೇರಿ ಕಟ್ಟಿ ಮುಗಿಸಿರುತ್ತದೆ.

ಅಳತೆ ಹೇಗೆ ಅನ್ನುವುದು ಮುಂದಿನ ಪ್ರಶ್ನೆ. ಮೊಬೈಲ್ ನಕ್ಷೆಯಲ್ಲಿ ಎರಡು ಚುಕ್ಕೆ ಇಟ್ಟು ನೇರ ಗೆರೆ ಎಳೆದು "ಸಾರ್, 112 ಮೀಟರ್ ಇದೆ" ಅನ್ನುತ್ತಾರೆ. ಇಲಾಖೆಯವರು ಹಾಗೆ ಅಳೆಯುವುದಿಲ್ಲ. ಒಬ್ಬ ಮನುಷ್ಯ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ ಟೇಪ್ ಹಿಡಿಯುತ್ತಾರೆ. ಇದರಿಂದ ಕೆಲವರಿಗೆ ಲಾಭ, ಕೆಲವರಿಗೆ ನಷ್ಟ. ಮಧ್ಯೆ ಒಂದು ಕಾಂಪೌಂಡ್ ಗೋಡೆ ಇದ್ದು ಸುತ್ತಿ ಹೋಗಬೇಕಿದ್ದರೆ ದೂರ ಹೆಚ್ಚುತ್ತದೆ. ಆದರೆ ಆ ಗೋಡೆಯಲ್ಲಿ ಮಕ್ಕಳು ನುಗ್ಗುವ ಒಂದು ಸಂದಿ ಇದ್ದರೆ ಅದೂ ದಾರಿಯೇ ಎಂದು ತಕರಾರು ಬರುತ್ತದೆ.

ನನ್ನ ಕೈಯಲ್ಲಿ ಆದ ಒಂದು ತಪ್ಪು ಹೇಳುತ್ತೇನೆ. ಕೆಲಸ ಶುರುಮಾಡಿದ ಹೊಸದರಲ್ಲಿ ಒಬ್ಬರ ಕಟ್ಟಡ ನೋಡಿ, ಎದುರಿನ ಶಾಲೆಗೆ ದೂರ ಅಳೆದು, ತೊಂದರೆ ಇಲ್ಲ ಎಂದು ಹೇಳಿಬಿಟ್ಟೆ. ನಾನು ಅಳೆದದ್ದು ಶಾಲೆಯ ದೊಡ್ಡ ಗೇಟಿಗೆ. ಹಿಂದುಗಡೆ ಬಿಸಿಯೂಟದ ಅಕ್ಕಿ ಇಳಿಸಲು ಇನ್ನೊಂದು ಗೇಟಿತ್ತು. ಅದರಿಂದ ಅಳೆದರೆ 70 ಮೀಟರ್ ಕೂಡ ಇರಲಿಲ್ಲ. ಫೈಲು ಅಲ್ಲೇ ನಿಂತಿತು. ಅವರು ಆಗಲೇ ಕೌಂಟರ್‌ಗೆ ಗ್ರಾನೈಟ್ ಹಾಕಿಸಿದ್ದರು. ಈಗಲೂ ಎಲ್ಲಾದರೂ ಸಿಕ್ಕರೆ ನನ್ನ ಮುಖ ನೋಡುವುದಿಲ್ಲ, ಅವರ ಮೇಲೆ ನನಗೆ ಸಿಟ್ಟೂ ಇಲ್ಲ.

ಆಗಿನಿಂದ ಜಾಗಕ್ಕೆ ಮೂರು ಸಲ ಹೋಗುತ್ತೇನೆ. ಒಮ್ಮೆ ಬೆಳಿಗ್ಗೆ, ಮಕ್ಕಳು ಯಾವ ದಾರಿಯಲ್ಲಿ ನಡೆಯುತ್ತಾರೆ ನೋಡಲು. ಒಮ್ಮೆ ಮಧ್ಯಾಹ್ನ, ಟೇಪ್ ಹಿಡಿಯಲು. ಇನ್ನೊಮ್ಮೆ ಸಂಜೆ ಸುಮ್ನೆ ಪಕ್ಕದ ಟೀ ಅಂಗಡಿಯಲ್ಲಿ ಕೂರಲು. ಆ ಬೀದಿಯಲ್ಲಿ ಯಾರಿಗೆ ಯಾರ ಮೇಲೆ ಕೋಪ, ಖಾಲಿ ಸೈಟು ಯಾವ ಟ್ರಸ್ಟಿಗೆ ಸೇರಿದ್ದು, ಮುಂದಿನ ವರ್ಷ ಅಲ್ಲಿ ಏನು ಕಟ್ಟುತ್ತಾರೆ, ಎಲ್ಲ ಅಲ್ಲೇ ತಿಳಿಯುತ್ತದೆ.

ಕಟ್ಟಡದ ಪಕ್ಕ ಒಂದು ಅಂಗನವಾಡಿ ಇದೆ, ಮರದ ಕೆಳಗೆ ಒಂದು ಚೌಡಮ್ಮನ ಕಲ್ಲಿದೆ. ಇವೂ ಲೆಕ್ಕಕ್ಕೆ ಬರುತ್ತವಾ?

ಯಾವುದು ಶಿಕ್ಷಣ ಸಂಸ್ಥೆ, ಯಾವುದು ಧಾರ್ಮಿಕ ಸಂಸ್ಥೆ ಎಂದು ನಿಯಮದಲ್ಲೇ ವಿವರಣೆ ಇದೆ. ರಸ್ತೆಬದಿಯ ಪ್ರತಿ ಕಲ್ಲೂ ಸಂಸ್ಥೆ ಆಗುವುದಿಲ್ಲ. ಆದರೆ ನಾನು ಕೊಡುವ ಸಲಹೆ ಬೇರೆ. ನಿಮ್ಮ ನಕ್ಷೆಯಲ್ಲಿ ಅಂಗನವಾಡಿಯನ್ನೂ ಬರೆಯಿರಿ, ಚೌಡಮ್ಮನನ್ನೂ ಬರೆಯಿರಿ, ಎರಡಕ್ಕೂ ದೂರ ನಮೂದಿಸಿ. ಮುಚ್ಚಿಟ್ಟು ಆಮೇಲೆ ಯಾರೋ ಫೋಟೋ ಹಿಡಿದು ದೂರು ಕೊಟ್ಟರೆ ನೀವು ಸುಳ್ಳು ಹೇಳಿದಂತೆ ಕಾಣುತ್ತದೆ. ತಾನಾಗಿ ತೋರಿಸಿದವನ ಫೈಲಿಗೆ ಒಂದು ತೂಕ ಇರುತ್ತದೆ.

ಹೈವೇ ಪಕ್ಕ ಜಾಗ ಇದೆ. 500 ಮೀಟರ್ ಅಂತಾರೆ, 220 ಅಂತಾರೆ. ಯಾವುದು ಸರಿ?

ಎರಡೂ ಸರಿ, ಎಲ್ಲಿ ಅನ್ನುವುದು ಮುಖ್ಯ. ರಾಜ್ಯದ ನಿಯಮದಲ್ಲಿ ಮೊದಲೇ ಹೆದ್ದಾರಿಯ ಮಧ್ಯಭಾಗದಿಂದ 220 ಮೀಟರ್ ಎಂದಿತ್ತು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂದಿತು. ಹೆದ್ದಾರಿಗೆ ಕಾಣುವಂತೆ ಇರಬಾರದು, ಹೆದ್ದಾರಿಯಿಂದ ನೇರ ದಾರಿ ಇರಬಾರದು, ಇಲ್ಲಿ ಮದ್ಯ ಸಿಗುತ್ತದೆ ಎಂದು ಬೋರ್ಡ್ ಹಾಕಬಾರದು ಎಂದೂ ಹೇಳಿತು. 2017ರ ಮಾರ್ಚ್ 31ರಂದು, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆ ಇರುವ ಸ್ಥಳೀಯ ಸಂಸ್ಥೆಗಳ ಕಡೆ ಈ ದೂರವನ್ನು 220 ಮೀಟರ್‌ಗೆ ಇಳಿಸಿತು. ಅದೇ ವರ್ಷ ಜುಲೈನಲ್ಲಿ, ನಗರ ಮತ್ತು ಪಟ್ಟಣಗಳ ಮಿತಿಯೊಳಗಿನ ಲೈಸೆನ್ಸ್‌ಗಳಿಗೆ ಈ ಆದೇಶ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. 2018ರ ಫೆಬ್ರವರಿಯಲ್ಲಿ, ಪಟ್ಟಣದಂತೆ ಬೆಳೆದಿರುವ ಪಂಚಾಯ್ತಿಗಳಿಗೂ ಈ ವಿನಾಯಿತಿಯನ್ನು ಅನ್ವಯಿಸಬಹುದೇ ಎಂದು ನಿರ್ಧರಿಸುವುದನ್ನು ರಾಜ್ಯಗಳಿಗೆ ಬಿಟ್ಟಿತು.

ನಮ್ಮ ಕಡೆಗೆ ಇದರ ಅರ್ಥ ಏನು? ಸಕಲೇಶಪುರ ಪುರಸಭೆ ಮಿತಿಯೊಳಗೆ ರಾಷ್ಟ್ರೀಯ ಹೆದ್ದಾರಿ 75ರ ಪಕ್ಕ ಇದ್ದರೆ ಒಂದು ಲೆಕ್ಕ. ಅದೇ ರಸ್ತೆಯಲ್ಲಿ ಘಾಟಿ ಕಡೆ ನಾಲ್ಕು ಕಿಲೋಮೀಟರ್ ಇಳಿದು ಪಂಚಾಯ್ತಿ ಮಿತಿಗೆ ಹೋದರೆ ಇನ್ನೊಂದು ಲೆಕ್ಕ. ಮೂಡಿಗೆರೆ ಪಟ್ಟಣ ಬೇರೆ, ಚಾರ್ಮಾಡಿ ದಾರಿಯ ಕೊಟ್ಟಿಗೆಹಾರ ಬೇರೆ. ಪ್ರವಾಸಿಗರು ಕಾರು ನಿಲ್ಲಿಸುವುದು ಊರ ಹೊರಗೆ ಎಂದು ಅಲ್ಲೇ ಜಾಗ ಹುಡುಕುತ್ತಾರೆ. ಸಿಕ್ಕಿಹಾಕಿಕೊಳ್ಳುವುದೂ ಅಲ್ಲೇ. ಆದ್ದರಿಂದ ಮೊದಲು ಸ್ಥಳೀಯ ಸಂಸ್ಥೆಯಿಂದ, ಈ ಆಸ್ತಿ ನಮ್ಮ ಮಿತಿಯೊಳಗಿದೆ ಎಂದು ಬರಹದಲ್ಲಿ ತೆಗೆದುಕೊಳ್ಳಿ. ರಸ್ತೆ ನಿಜವಾಗಿ ಯಾವ ದರ್ಜೆಯದು ಎಂದು ಲೋಕೋಪಯೋಗಿ ಇಲಾಖೆಯಲ್ಲಿ ವಿಚಾರಿಸಿ. ಬೈಪಾಸ್, ಅಗಲೀಕರಣ ಯೋಜನೆ ಇದ್ದರೆ ಅದನ್ನೂ ಕೇಳಿ. ಇವತ್ತಿನ ದೂರ ನಾಳೆಗೂ ಹಾಗೇ ಇರುತ್ತದೆ ಅನ್ನುವಂತಿಲ್ಲ.

ಕಾಫಿ ತೋಟದಲ್ಲಿ ರೆಸಾರ್ಟ್ ಕಟ್ಟಿದ್ದೇವೆ. ಜಾಗ ನಮ್ಮದೇ. ಇನ್ನೇನು ತೊಂದರೆ?

ನಮ್ಮದೇ ಅಂದಾಗಲೇ ನನಗೆ ಸ್ವಲ್ಪ ಭಯ. ಪಹಣಿಯಲ್ಲಿ ಇನ್ನೂ ತಾತನ ಹೆಸರಿರುತ್ತದೆ. ಪೌತಿ ಖಾತೆ, ಅಂದರೆ ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿರುವುದಿಲ್ಲ. ಅಣ್ಣ ತಮ್ಮಂದಿರು ಬಾಯಿಮಾತಲ್ಲಿ ಪಾಲು ಮಾಡಿಕೊಂಡಿರುತ್ತಾರೆ, ಭಾಗಪತ್ರ ನೋಂದಣಿ ಆಗಿರುವುದಿಲ್ಲ. ಮದುವೆಯಾಗಿ ಹೋದ ಅಕ್ಕನನ್ನು ಯಾರೂ ಕೇಳಿರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಅಕ್ಕನಿಂದ ಒಂದು ತಕರಾರು ಅರ್ಜಿ ಬಂದರೆ ಸಾಕು, ಫೈಲು ತಿಂಗಳುಗಟ್ಟಲೆ ಮಲಗುತ್ತದೆ. ಮೊದಲು ಅಕ್ಕನ ಮನೆಗೆ ಹೋಗಿ ಮಾತಾಡಿ ಬನ್ನಿ, ಅಬಕಾರಿ ಕಚೇರಿಗೆ ಆಮೇಲೆ ಹೋದರಾಯಿತು.

ಎರಡನೆಯದು ಭೂ ಪರಿವರ್ತನೆ. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಕೆಳಗೆ ಪರಿವರ್ತನೆ ಆಗಿರಬೇಕು. ತೋಟದ ಮಧ್ಯೆ ನಾಲ್ಕು ಕಾಟೇಜ್ ಎದ್ದಿರುತ್ತವೆ, ಕಾಗದದಲ್ಲಿ ಅದು ಇನ್ನೂ ಕಾಫಿ ಗಿಡ. ಪರಿವರ್ತನೆ, ಕಟ್ಟಡ ಪರವಾನಗಿ, ಪಂಚಾಯ್ತಿ ಆಸ್ತಿಯಾದರೆ ಇ-ಸ್ವತ್ತಿನ ನಮೂನೆ, ಇವೆಲ್ಲ ಒಂದೇ ಹೆಸರು, ಒಂದೇ ಸರ್ವೆ ನಂಬರು, ಒಂದೇ ಅಳತೆ ಹೇಳಬೇಕು. ಒಂದು ಕಡೆ "ಗೌಡ", ಇನ್ನೊಂದು ಕಡೆ "ಗೌಡರು" ಎಂದಿದ್ದರೂ ಅಫಿಡವಿಟ್ ಕೇಳಿದ್ದನ್ನು ಕಂಡಿದ್ದೇನೆ.

ಹೋಮ್‌ಸ್ಟೇಯಲ್ಲಿ ಅತಿಥಿಗಳಿಗೆ ಒಂದೆರಡು ಪೆಗ್ ಕೊಟ್ಟರೆ?

ಕೊಡಬೇಡಿ. ಹೋಮ್‌ಸ್ಟೇಗೆ ಸಿಗುವುದು ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಅದು ಮದ್ಯದ ಲೈಸೆನ್ಸ್ ಅಲ್ಲ. "ದುಡ್ಡು ತಗೊಂಡಿಲ್ಲ, ಪ್ಯಾಕೇಜ್‌ನಲ್ಲೇ ಸೇರಿಸಿದ್ದೇವೆ" ಅನ್ನುವುದು ಮಾರಾಟವನ್ನು ಒಪ್ಪಿಕೊಂಡ ಹಾಗೇ. ಒಬ್ಬ ವ್ಯಕ್ತಿ ತನ್ನ ಬಳಿ ಇಟ್ಟುಕೊಳ್ಳಬಹುದಾದ ಮಿತಿ ದೇಶಿ ಮದ್ಯಕ್ಕೆ, ಅಂದರೆ ನಮ್ಮ ವಿಸ್ಕಿ, ರಮ್, ಬ್ರಾಂದಿಗೆ 2.3 ಲೀಟರ್, ಬಿಯರ್‌ಗೆ 18.2 ಲೀಟರ್. ಫುಲ್ ಬಾಟಲಿ ಲೆಕ್ಕದಲ್ಲಿ ಮೂರು ದಾಟಿತು ಅಂದರೆ ಪ್ರಶ್ನೆ ಶುರು. ವೀಕೆಂಡಿಗೆ ಅಂತ ಒಂದು ಕೇಸ್ ತಂದು ಅಡುಗೆಮನೆಯಲ್ಲಿಟ್ಟವರ ಮೇಲೆ ಅಬಕಾರಿ ಕಾಯ್ದೆಯ 32, 34ನೇ ಕಲಂ ಬೀಳಬಹುದು. ಮುಂದೆ ಲೈಸೆನ್ಸ್‌ಗೆ ಅರ್ಜಿ ಹಾಕುವ ಆಸೆ ಇದ್ದರೆ ಈ ಒಂದು ಕೇಸ್ ಸಾಕು, ಆಸೆ ಅಲ್ಲಿಗೆ ಮುಗಿಯುತ್ತದೆ.

ಡಾಬಾದವರಿಗೂ ಇದೇ ಮಾತು. ನೀವು ಮಾರದಿದ್ದರೂ, ಗಿರಾಕಿ ತಂದದ್ದನ್ನು ಕುಡಿಯಲು ಜಾಗ, ಲೋಟ, ನೀರು ಕೊಟ್ಟರೆ ಅದಕ್ಕೂ ಕೇಸ್ ಇದೆ.

ಹಳೇ ಲೈಸೆನ್ಸ್ ಕೊಳ್ಳುವಾಗ ಏನೇನು ಪರೀಕ್ಷಿಸಬೇಕು?

ಮೊದಲು ಮೂಲ ಲೈಸೆನ್ಸ್ ಮತ್ತು ಈ ವರ್ಷದ ನವೀಕರಣ ನೋಡಿ. ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಅವರು ಬದುಕಿದ್ದಾರಾ ಎಂದು ಕೇಳಿ. ನಗಬೇಡಿ, ಎಷ್ಟೋ ಕಡೆ ಲೈಸೆನ್ಸ್‌ದಾರರು ತೀರಿಕೊಂಡು ವಾರಸುದಾರರ ಹೆಸರಿಗೆ ಆಗದೆ ಬಾರ್ ನಡೆಯುತ್ತಿರುತ್ತದೆ. ಪಾಲುದಾರರು ಇದ್ದರೆ ಎಲ್ಲರ ಒಪ್ಪಿಗೆ ಬೇಕು. ಅಬಕಾರಿ ಬಾಕಿ, ದಂಡ, ನಡೆಯುತ್ತಿರುವ ಕೇಸ್, ಬ್ಯಾಂಕ್ ಸಾಲ ಇವೆಯಾ ಎಂದು ಬರಹದಲ್ಲಿ ಪಡೆಯಿರಿ.

ಆಮೇಲಿನ ಪ್ರಶ್ನೆ ದೊಡ್ಡದು. ಲೈಸೆನ್ಸ್ ಅದೇ ಕಟ್ಟಡದಲ್ಲಿ ಮುಂದುವರಿಯುತ್ತದೆಯೋ, ನಿಮ್ಮ ಕಟ್ಟಡಕ್ಕೆ ಬರಬೇಕೋ? ಹೆಸರು ಬದಲಾವಣೆ ಒಂದು ಕೆಲಸ, ಸ್ಥಳಾಂತರ ಇನ್ನೊಂದು ಕೆಲಸ. ಸ್ಥಳಾಂತರ ಅಂದರೆ ಮೇಲೆ ಹೇಳಿದ 100 ಮೀಟರ್, ಹೆದ್ದಾರಿ ಎಲ್ಲ ಪರೀಕ್ಷೆ ಮತ್ತೆ ಮೊದಲಿಂದ. ಹಳೇ ಕಟ್ಟಡದ ಮಾಲೀಕ ಬೇರೆಯವರಾದರೆ, ಅವರು ನಾಳೆ ಖಾಲಿ ಮಾಡಿ ಅಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಬರೀ ಹಾಳೆ. ಲೈಸೆನ್ಸ್ ಬೆಲೆ ಮಾತಾಡುವ ಮುಂಚೆ ಬಾಡಿಗೆ ಕರಾರು ಓದಿ.

ಲೈಸೆನ್ಸ್ ಅವರದೇ ಇರಲಿ, ನಾನು ಲೀಸ್‌ಗೆ ನಡೆಸಿದರೆ ಆಗಲ್ವಾ?

ನಡೆಯುತ್ತಿದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಲೈಸೆನ್ಸ್ ಕೊಟ್ಟಿರುವುದು ಒಬ್ಬ ವ್ಯಕ್ತಿಗೆ, ಅದನ್ನು ಹೊಲದ ಗುತ್ತಿಗೆಯಂತೆ ಕೊಡಲು ಬರುವುದಿಲ್ಲ. ಅಧಿಕಾರ ಪತ್ರದ ಮೇಲೆ ನಡೆಸುವವರು ಲಾಭ ಬಂದಾಗ ಚೆನ್ನಾಗಿಯೇ ಇರುತ್ತಾರೆ. ಜಗಳ ಬಂದಾಗ ಕೋರ್ಟಿಗೂ ಹೋಗಲಾಗದ ಸ್ಥಿತಿ, ಯಾಕೆಂದರೆ ಕರಾರೇ ನಿಯಮಕ್ಕೆ ವಿರುದ್ಧ. ನಾನು ಇಂಥ ಕರಾರು ಬರೆದುಕೊಡುವುದಿಲ್ಲ.

ಯಾವ ಯಾವ ಕಾಗದ ಸಿದ್ಧ ಇರಬೇಕು?

ಗುರುತು ಮತ್ತು ವಿಳಾಸದ ದಾಖಲೆ, ಪ್ಯಾನ್, ಫೋಟೋ ಇವು ಇದ್ದೇ ಇರುತ್ತವೆ. ಆಸ್ತಿ ಕಡೆಯಿಂದ ಖಾತೆ, ಕಂದಾಯ ಕಟ್ಟಿದ ರಸೀದಿ, ಋಣಭಾರ ಪತ್ರ. ಕಟ್ಟಡದ ಮಂಜೂರಾದ ನಕ್ಷೆ, ಅದರಲ್ಲಿ ಬಾರ್ ಎಲ್ಲಿ, ಅಡುಗೆಮನೆ ಎಲ್ಲಿ, ದಾಸ್ತಾನು ಕೋಣೆ ಎಲ್ಲಿ, ಬಾಗಿಲು ಎಷ್ಟು ಎಂದು ಗುರುತಿಸಿರಬೇಕು. ಚೆಕ್ಕುಬಂದಿ ಸ್ಪಷ್ಟ ಇರಬೇಕು. ಮಂಜೂರಾದ ನಕ್ಷೆಯಲ್ಲಿ ಪಾರ್ಕಿಂಗ್ ಎಂದಿರುವ ಕಡೆ ನೀವು ಬಾರ್ ಮಾಡಿದ್ದರೆ ಅದು ಪರಿಶೀಲನೆಯ ದಿನವೇ ಹೊರಬರುತ್ತದೆ.

ಬಾಡಿಗೆ ಕಟ್ಟಡವಾದರೆ ಕರಾರು ಪತ್ರ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಕರಾರಿನಲ್ಲಿ ಎರಡು ಸಾಲು ಹಾಕಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಒಂದು, ಮದ್ಯದ ವ್ಯವಹಾರಕ್ಕೆ ಮಾಲೀಕರ ಒಪ್ಪಿಗೆ ಇದೆ ಅಂತ. ಎರಡು, ಲೈಸೆನ್ಸ್ ಸಿಗದಿದ್ದರೆ ಅಡ್ವಾನ್ಸ್ ವಾಪಸ್ ಅಂತ. ಎರಡನೆಯದಕ್ಕೆ ಮಾಲೀಕರು ಮುಖ ಸಿಂಡರಿಸುತ್ತಾರೆ. ಆದರೂ ಬಿಡಬೇಡಿ. ಸಾಧ್ಯವಾದರೆ ಪೂರ್ತಿ ಬಾಡಿಗೆ ಲೈಸೆನ್ಸ್ ಕೈಗೆ ಬಂದ ತಿಂಗಳಿಂದ ಎಂದು ಒಪ್ಪಿಸಿ. ಬಾಗಿಲು ತೆರೆಯದ ಕಟ್ಟಡಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಿ ಸೋತವರೇ ಜಾಸ್ತಿ, ಲೈಸೆನ್ಸ್ ಶುಲ್ಕ ಕಟ್ಟಿ ಸೋತವರು ಕಡಿಮೆ.

ಇವುಗಳ ಜೊತೆ ಸಾಲ್ವೆನ್ಸಿ ಪ್ರಮಾಣಪತ್ರ (ಬಾಕಿ ತೀರಿಸುವಷ್ಟು ಆಸ್ತಿ ನಿಮಗಿದೆ ಅನ್ನುವ ಪತ್ರ), ಕ್ರಿಮಿನಲ್ ಹಿನ್ನೆಲೆ ಮತ್ತು ಅಬಕಾರಿ ಬಾಕಿ ಇಲ್ಲ ಎಂಬ ಅಫಿಡವಿಟ್, ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ, ಊಟ ಕೊಡುವುದರಿಂದ ಆಹಾರ ಸುರಕ್ಷತಾ ಲೈಸೆನ್ಸ್. ದೊಡ್ಡ ಕಟ್ಟಡಕ್ಕೆ ಅಗ್ನಿಶಾಮಕದವರ ಒಪ್ಪಿಗೆಯೂ ಬೇಕಾಗುತ್ತದೆ. ಪೆಗ್ ಅಳತೆಯ 30, 60 ಮಿಲಿ ಪಾತ್ರೆಗಳಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇರಬೇಕು ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ.

ಅರ್ಜಿ ಎಲ್ಲಿಗೆ? ಎಷ್ಟು ಮೇಜು ದಾಟಬೇಕು?

ತಾಲ್ಲೂಕು ಮಟ್ಟದಲ್ಲಿ ವಲಯದ ಅಬಕಾರಿ ನಿರೀಕ್ಷಕರು, ಅವರ ಮೇಲೆ ಉಪ ಅಧೀಕ್ಷಕರು, ಜಿಲ್ಲೆಗೆ ಅಬಕಾರಿ ಉಪ ಆಯುಕ್ತರು, ಎಲ್ಲರ ಮೇಲೆ ಬೆಂಗಳೂರಿನಲ್ಲಿ ಅಬಕಾರಿ ಆಯುಕ್ತರು. ಜಿಲ್ಲಾಧಿಕಾರಿಯವರ ಪಾತ್ರವೂ ಇರುತ್ತದೆ. ಅಬಕಾರಿ "ಉಪ ಆಯುಕ್ತರು" ಬೇರೆ, ಜಿಲ್ಲಾಧಿಕಾರಿ ಬೇರೆ. ಇಂಗ್ಲಿಷಿನಲ್ಲಿ ಇಬ್ಬರನ್ನೂ ಡಿಸಿ ಅನ್ನುವುದರಿಂದ ಹಳ್ಳಿಯಿಂದ ಬಂದವರು ತಪ್ಪು ಕಚೇರಿಯ ಮುಂದೆ ಅರ್ಧ ದಿನ ಕಾಯುವುದುಂಟು.

ಸ್ಥಳ ಪರಿಶೀಲನೆ, ಮಹಜರು, ನಕ್ಷೆ, ಪೊಲೀಸ್ ಅಭಿಪ್ರಾಯ ಎಲ್ಲ ಸೇರಿ ವರದಿ ಮೇಲಕ್ಕೆ ಹೋಗುತ್ತದೆ. ಮಹಜರಿನ ದಿನ ನೀವು ಅಥವಾ ನಿಮ್ಮ ನಂಬಿಕಸ್ಥರು ಅಲ್ಲಿ ಇರಿ. ಅಳತೆಯನ್ನು ನಿಮ್ಮ ಪುಸ್ತಕದಲ್ಲೂ ಬರೆದುಕೊಳ್ಳಿ. ಶುಲ್ಕವನ್ನು ಸರ್ಕಾರದ ಆನ್‌ಲೈನ್ ಖಜಾನೆಯಾದ ಖಜಾನೆ-2ರ ಚಲನ್ ಮೂಲಕ ಕಟ್ಟುತ್ತೀರಿ. ಯಾರ ಕೈಗೂ ನಗದು ಕೊಟ್ಟು "ಅವರೇ ಕಟ್ಟುತ್ತಾರೆ" ಎಂದು ಕೂರಬೇಡಿ.

ಯಾವ ತಿಂಗಳಲ್ಲಿ ಅರ್ಜಿ ಹಾಕಿದರೆ ಒಳ್ಳೆಯದು?

ಅಬಕಾರಿ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿತು. ಮೇ, ಜೂನ್‌ನಲ್ಲಿ ಕಚೇರಿ ಪೂರ್ತಿ ನವೀಕರಣದ ಫೈಲಿನಲ್ಲಿ ಮುಳುಗಿರುತ್ತದೆ. ಜುಲೈನಿಂದ ಮೂರು ತಿಂಗಳು ಮಲೆನಾಡಿನ ಮಳೆ, ಕರೆಂಟೂ ಇರುವುದಿಲ್ಲ, ಟೇಪ್ ಹಿಡಿಯುವವರೂ ಬರುವುದಿಲ್ಲ. ದೀಪಾವಳಿ ಮುಗಿದ ಮೇಲೆ ಫೈಲು ಕೊಟ್ಟರೆ ಓಡಾಟಕ್ಕೆ ಸಲೀಸು. ಇದು ನನ್ನ ಅನುಭವ, ನಿಯಮ ಅಲ್ಲ.

ಊರಿನವರು ಬೇಡ ಅಂದರೆ?

ಮಲೆನಾಡಿನ ಹಳ್ಳಿಗಳಲ್ಲಿ ಹೆಂಗಸರು ರಸ್ತೆಗೆ ಕೂತರೆ ಯಾವ ಅಧಿಕಾರಿಯೂ ಸುಲಭವಾಗಿ ಸಹಿ ಹಾಕುವುದಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯಿತಲ್ಲ, ಸಾರಾಯಿ ಕಾಲದಲ್ಲಿ ನೊಂದವರ ನೆನಪು ಇನ್ನೂ ಹಸಿ ಇದೆ. ಇದನ್ನು ಯಾರೋ ಎದುರಾಳಿ ಎಬ್ಬಿಸಿದ್ದು ಎಂದು ತಳ್ಳಿಹಾಕಬೇಡಿ. ಕೆಲವು ಸಲ ಎದುರಾಳಿಯ ಕೈವಾಡ ಇರುತ್ತದೆ, ಹೆಚ್ಚಿನ ಸಲ ಇರುವುದಿಲ್ಲ. ಫೈಲು ಕೊಡುವ ಮುಂಚೆಯೇ ಹೋಗಿ ಮಾತಾಡಿ. ಬಾಗಿಲು ಯಾವ ಕಡೆ ಇಡುತ್ತೀರಿ, ಗಾಡಿ ಎಲ್ಲಿ ನಿಲ್ಲುತ್ತದೆ, ರಾತ್ರಿ ಗಲಾಟೆಯಾದರೆ ಯಾರು ಜವಾಬ್ದಾರಿ ಎಂಬುದಕ್ಕೆ ಉತ್ತರ ಇಟ್ಟುಕೊಂಡು ಹೋಗಿ. ಆಗಲೂ ಬೇಡ ಅಂದರೆ, ಆ ಜಾಗ ಬಿಡುವುದು ವಾಸಿ. ಅಲ್ಲಿ ಗೆದ್ದು ಬಾಗಿಲು ತೆರೆದವರಿಗೂ ದಿನಾ ಒಂದು ದೂರು ತಪ್ಪಿದ್ದಲ್ಲ.

"ಮೇಲಿನ ಖರ್ಚು" ಎಷ್ಟು ಇಟ್ಟುಕೊಳ್ಳಬೇಕು?

ಎಲ್ಲರೂ ಕೇಳುವ, ಯಾರೂ ಬರೆಯದ ಪ್ರಶ್ನೆ. ನನ್ನ ಉತ್ತರ ಸೊನ್ನೆ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ. 2022ರಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದುಪಡಿಸಿದ ಮೇಲೆ ಇಂಥ ದೂರು ಲೋಕಾಯುಕ್ತಕ್ಕೆ. ಇನ್ನು ದಲ್ಲಾಳಿಗಳು "ಮೇಲೆ ಕೊಡಬೇಕು" ಎಂದು ಕೇಳುವ ದುಡ್ಡಿನಲ್ಲಿ ಎಷ್ಟು ಮೇಲೆ ಹೋಗುತ್ತದೋ, ಎಷ್ಟು ಅವರ ಜೇಬಲ್ಲೇ ಉಳಿಯುತ್ತದೋ! ಕಾಗದ ಸರಿ ಇಲ್ಲದವನಿಗೇ ಈ ಖರ್ಚಿನ ಭಯ ಜಾಸ್ತಿ.

ಅರ್ಜಿ ತಿರಸ್ಕಾರ ಆದರೆ?

ಕಾರಣ ಬರಹದಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಆದೇಶ ಯಾರು ಮಾಡಿದ್ದಾರೆ ನೋಡಿಕೊಂಡು ಮೇಲ್ಮನವಿ ಹೋಗಬಹುದು, ಅಬಕಾರಿ ಆಯುಕ್ತರ ಆದೇಶಕ್ಕಾದರೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿ ಇದೆ. ಆದರೆ ಒಂದು ತಿಳಿದಿರಲಿ. ಮದ್ಯ ಮಾರುವುದು ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಖೋಡೇಸ್ ಡಿಸ್ಟಿಲರೀಸ್ ಪ್ರಕರಣದಲ್ಲಿ 1994ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ "ಪಕ್ಕದವನಿಗೆ ಕೊಟ್ಟಿದ್ದೀರಿ, ನನಗ್ಯಾಕಿಲ್ಲ" ಎಂಬ ಒಂದೇ ವಾದ ದೂರ ಹೋಗುವುದಿಲ್ಲ.

ಲೈಸೆನ್ಸ್ ಬಂತು. ಮಾಲು ಎಲ್ಲಿಂದ ತರಬೇಕು?

ಒಂದೇ ಕಡೆಯಿಂದ. 2003ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋದಿಂದ. ಇಂಡೆಂಟ್, ಅಂದರೆ ಬೇಕಾದ ಮಾಲಿನ ಪಟ್ಟಿ ಹಾಕಿ, ಮುಂಚಿತವಾಗಿ ದುಡ್ಡು ಕಟ್ಟಿ, ಮಾಲು ಎತ್ತಬೇಕು. ಸಾಲದ ಮಾತಿಲ್ಲ. ಆದ್ದರಿಂದ ಕಟ್ಟಡಕ್ಕೆ, ಶುಲ್ಕಕ್ಕೆ ಎಲ್ಲ ದುಡ್ಡು ಮುಗಿಸಿ, ಮೊದಲ ಇಂಡೆಂಟಿಗೆ ಕೈ ಖಾಲಿ ಮಾಡಿಕೊಳ್ಳಬೇಡಿ. ಗೋವಾದಿಂದ ಬಂದ, ಮಿಲಿಟರಿ ಕ್ಯಾಂಟೀನಿನಿಂದ ಬಂದ ಒಂದು ಬಾಟಲಿ ನಿಮ್ಮ ಕಪಾಟಿನಲ್ಲಿ ಸಿಕ್ಕರೂ ಕಥೆ ಮುಗೀತು. ಪ್ರತಿ ಬಾಟಲಿಯ ಮೇಲೂ ಅಬಕಾರಿ ಚೀಟಿ ಇರಬೇಕು.

ಜಿಎಸ್‌ಟಿ?

ಕುಡಿಯುವ ಮದ್ಯ ಜಿಎಸ್‌ಟಿ ಹೊರಗಿದೆ. ನಿಮ್ಮ ಊಟ, ಕೋಣೆ ಬಾಡಿಗೆ ಒಳಗಿವೆ. ಬಿಲ್ ಬೇರೆ ಬೇರೆ ಮಾಡುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿ, ಆಡಿಟರ್ ನಿಮ್ಮನ್ನು ಹರಸುತ್ತಾರೆ.

ಮದುವೆ ಮನೆಯಲ್ಲಿ ಒಂದು ದಿನಕ್ಕೆ?

ಅದಕ್ಕೇ ಸಿಎಲ್-5. ಸಮಾರಂಭದ ಹಿಂದಿನ ದಿನ ಓಡಿ ಬರಬೇಡಿ, ಜಾಗದ ಮಾಲೀಕರ ಒಪ್ಪಿಗೆ ಪತ್ರ ಜೊತೆಗಿರಲಿ. ಬಾಡಿಗೆ ಹಾಲ್ ದೇವಸ್ಥಾನದ ಟ್ರಸ್ಟಿನದಾದರೆ ಕೇಳುವ ಯೋಚನೆಯೇ ಬೇಡ.

ಯಾವ ದಿನ ಬಾಗಿಲು ಮುಚ್ಚಬೇಕು?

ಗಾಂಧಿ ಜಯಂತಿ ಗೊತ್ತೇ ಇದೆ. ಚುನಾವಣೆ ಬಂದರೆ ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ, ಎಣಿಕೆ ದಿನ ಪ್ರತ್ಯೇಕ. ಶಾಂತಿ ಸುವ್ಯವಸ್ಥೆಗಾಗಿ ಜಿಲ್ಲಾಡಳಿತವೂ ಮುಚ್ಚಿಸಬಹುದು. ಚಿಕ್ಕಮಗಳೂರಿನವರಿಗೆ ಡಿಸೆಂಬರಿನ ದತ್ತ ಜಯಂತಿ ಸಮಯ ಹೇಳಿಕೊಡಬೇಕಿಲ್ಲ. ಅದೇ ಪ್ರವಾಸಿಗರ ಸೀಸನ್ ಕೂಡ. ವರ್ಷದ ಲೆಕ್ಕ ಹಾಕುವಾಗ ಆ ದಿನಗಳನ್ನು ಕಳೆದೇ ಹಾಕಿ.

ಕಾಲೇಜು ಹುಡುಗರು ಬಂದರೆ? ವಯಸ್ಸು 18ಓ 21ಓ?

21 ಎಂದೇ ಇಟ್ಟುಕೊಳ್ಳಿ. 2023ರ ಜನವರಿಯಲ್ಲಿ 18ಕ್ಕೆ ಇಳಿಸುವ ಕರಡು ಬಂದು, ವಿರೋಧವಾಗಿ ಅದು ವಾಪಸ್ ಹೋಯಿತು. ಹಾಸನದಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಹುಡುಗರು ತುಂಬಿದ್ದಾರೆ. ಗಡ್ಡ ನೋಡಿ ವಯಸ್ಸು ಅಳೆಯಬೇಡಿ, ಗುರುತಿನ ಚೀಟಿ ಕೇಳಿ. ಲೋಟ ತೊಳೆಯಲು ಕೂಡ 18ರ ಕೆಳಗಿನವರನ್ನು ಇಟ್ಟುಕೊಳ್ಳಬೇಡಿ.

ಲೈಸೆನ್ಸ್ ತಲೆನೋವು ಬೇಡ, ಕಟ್ಟಡ ಮಾತ್ರ ಇದೆ. ಏನು ಮಾಡಬಹುದು?

ಎಂಎಸ್‌ಐಎಲ್ ಅಂಗಡಿಗಳಿಗೆ ಬಾಡಿಗೆಗೆ ಕೊಡಬಹುದು. ಅದು ಸರ್ಕಾರಿ ಕಂಪನಿ, ಅದರ ಸಿಎಲ್-11ಸಿ ಲೈಸೆನ್ಸ್ ಖಾಸಗಿಯವರಿಗೆ ಸಿಗುವುದಿಲ್ಲ, ಆದರೆ ಕಟ್ಟಡ ಖಾಸಗಿಯವರದೇ ಇರುತ್ತದೆ. ಜಾಗದ ನಿಯಮ ಅವರಿಗೂ ಇದೆ. ಬಾಡಿಗೆ ಸ್ವಲ್ಪ ಕಡಿಮೆ ಇರಬಹುದು, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಬೋರ್ಡ್‌ಗೆ ಯಾವ ಹೆಸರು ಇಡಲಿ?

ನಿಮ್ಮಿಷ್ಟ. 2024ರ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ ಶೇ. 60ರಷ್ಟು ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಮನೆದೇವರ ಹೆಸರು ಮಾತ್ರ ಬೇಡ ಅನ್ನುತ್ತೇನೆ. ದೇವಸ್ಥಾನದಿಂದ 100 ಮೀಟರ್ ದೂರ ಹುಡುಕಲು ಇಷ್ಟೆಲ್ಲ ಒದ್ದಾಡಿ, ಕೊನೆಗೆ ದೇವರನ್ನೇ ಬಾಗಿಲ ಮೇಲೆ ಕೂರಿಸಿದರೆ ಹೇಗೆ?